ಅರ್ಧ ಅತ್ತೆ, ಅರ್ಧ ಸೊಸೆ

ಫೆಬ್ರವರಿ 6

ಇಲಿಗಳ ಮಹಾಮಾತೆಯಾದ ಅಕ್ಕನ ಪಾದಗಳಿಗೆ,

ಫೋನು ಮಾಡಿದರೆ ನೀನು ಅಳುತ್ತೀಯ, ಕಾಗದ ಬರೆದರೆ ನಗುತ್ತೀಯ. ಆದ್ದರಿಂದ ಕಾಗದ. ಅಳಲೇಬೇಕೆಂದಿದ್ದರೆ ಓದಿ ಮುಗಿಸಿದ ಮೇಲೆ ಅಳು. ಶಾಯಿ ಕಲಸಿಹೋದರೆ ನನ್ನ ಅಕ್ಷರಕ್ಕೆ ಕೆಟ್ಟ ಹೆಸರು.

ಮೊನ್ನೆ ಹರಾಜಿನ ಮನೆಯಲ್ಲಿ ಕಟ್ಟೆಯ ಮೇಲೆ ನಿಂತು ಕನ್ನಡಿ ಇರುವ ಬೀರುವೊಂದನ್ನು ಕೂಗುತ್ತಿದ್ದೆ. ತೀರಿಕೊಂಡ ವಕೀಲರೊಬ್ಬರ ಬೀರು. ಈ ಕನ್ನಡಿಯ ಮುಂದೆ ನಿಂತು ವಕೀಲರು ಮೂವತ್ತು ವರ್ಷ ಸುಳ್ಳು ಹೇಳುವುದನ್ನು ಅಭ್ಯಾಸ ಮಾಡಿದ್ದಾರೆ, ಆದರೂ ಕನ್ನಡಿ ಬಿರುಕು ಬಿಟ್ಟಿಲ್ಲ ಸ್ವಾಮಿ, ಅಷ್ಟು ಗಟ್ಟಿ ಎಂದೆ. ಜನ ನಕ್ಕರು, ಬೆಲೆ ಏರಿತು. ಒಂದನೇ ಸಾರಿ ಎಂದೆ. ಎರಡನೇ ಸಾರಿ ಎಂದೆ. ಮೂರನೇ ಸಾರಿಗೆ ಸುತ್ತಿಗೆ ಬೀಳುವ ಬದಲು ನಾನು ಬಿದ್ದೆ. ಕಣ್ಣು ಬಿಟ್ಟಾಗ ತಲೆಯಡಿ ಯಾರದೋ ಚೀಲ, ಸುತ್ತಲೂ ಚಪ್ಪಲಿಗಳು, ಪ್ಯಾಂಟು ಒದ್ದೆ. ಮಾನ ಹರಾಜಾಗುವುದು ಅಂತ ಕೇಳಿದ್ದೀಯಲ್ಲ, ಅದನ್ನು ಹರಾಜಿನ ಮನೆಯಲ್ಲೇ ಮಾಡಿಸಿಕೊಂಡ ಮೊದಲಿಗ ನಾನು. ಬೆಲೆ ಮಾತ್ರ ಏರಲಿಲ್ಲ, ಏಕೆಂದರೆ ಕೂಗುವವನೇ ನೆಲದ ಮೇಲಿದ್ದ.

ಮಾಲೀಕರು ಒಳ್ಳೆಯವರು. “ನೀನು ಮೇಲೆ ನಿಂತ್ರೆ ನನ್ನ ಎದೆ ಡವಡವ ಅನ್ನುತ್ತೆ ನೋಡಪ್ಪ, ಸ್ವಲ್ಪ ದಿನ ಗೋಡೌನಲ್ಲಿರು” ಎಂದರು. ಫಿಟ್ಸ್ ಬರುವವನು ಅನ್‌ಫಿಟ್ಟು. ಈಗ ಮೇಜು ಕುರ್ಚಿಗಳ ಬೆನ್ನಿಗೆ ನಂಬರಿನ ಚೀಟಿ ಅಂಟಿಸುವುದು ನನ್ನ ಉದ್ಯೋಗ. ಕುರ್ಚಿಗಳಿಗೆ ಒಂದೆರಡು ಜೋಕು ಹೇಳಿ ನೋಡಿದೆ. ನಾಲ್ಕು ಕಾಲಿದ್ದೂ ಒಂದೂ ಕುಣಿಯಲಿಲ್ಲ.

ನಮ್ಮ ಡಾಕ್ಟರು ಹರಾಜು ಕೂಗಿದ ಹಾಗೆ ಮಾತ್ರೆಯ ಡೋಸು ಏರಿಸುತ್ತಲೇ ಇದ್ದಾರೆ. ಕಾಯಿಲೆ ಅದಕ್ಕಿಂತ ಒಂದು ಹೆಜ್ಜೆ ಮೇಲೆ ಕೂಗುತ್ತಿದೆ. ತಿಂಗಳಿಗೊಮ್ಮೆ ತಪ್ಪದೆ ಬೀಳುತ್ತೇನೆ. ಸಂಬಳ ಕೂಡ ಅಷ್ಟು ನಿಯತ್ತಾಗಿ ಬರುವುದಿಲ್ಲ. ನೀನಾದರೋ ಇಷ್ಟು ವರ್ಷದಿಂದ ಇಲಿಗಳಿಗೆ ಫಿಟ್ಸ್ ಬರಿಸುವುದು, ನಿಲ್ಲಿಸುವುದು ಇದೇ ಕೆಲಸದಲ್ಲಿದ್ದೀಯ. ಲೋಕದ ಜನ ಬೆಟ್ಟ ಅಗೆದು ಇಲಿ ಹಿಡಿದರೆ, ನೀನು ಇಲಿ ಹಿಡಿದುಕೊಂಡು ಬೆಟ್ಟ ಅಗೆಯುವವಳು. ಅಗೆದ ಮಣ್ಣಿನಲ್ಲಿ ಈ ತಮ್ಮನಿಗೆ ಏನಾದರೂ ಸಿಕ್ಕೀತೇ? ನನಗೆ ಬೇರೇನೂ ಬೇಡ. ಕಟ್ಟೆ ಬೇಕು, ಕೈಯಲ್ಲಿ ಸುತ್ತಿಗೆ ಬೇಕು, ಎದುರಿಗೆ ನಗುವ ಮುಖಗಳು ಬೇಕು.

ನಿನ್ನ
ಬಾಯಿಬಡುಕ

ಫೆಬ್ರವರಿ 19

ಬಾಯಿಬಡುಕ ಮಹಾಶಯನಿಗೆ,

ನಿನ್ನ ಕಾಗದ ಓದಿ ಮೊದಲು ನಕ್ಕೆ, ಆಮೇಲೆ ಅತ್ತೆ. ಅತ್ತೆ ಎಂದಕೂಡಲೇ ನಮ್ಮ ಲ್ಯಾಬಿನ ಅತ್ತೆ ಸೊಸೆಯರು ನೆನಪಾದರು. ಅವರ ಕಥೆ ಕೇಳು.

ಅತ್ತೆ ಎಂದರೆ ನೀನು ನುಂಗುತ್ತಿರುವ ಹಳೆಯ ಮದ್ದು. ಸೊಸೆ ಎಂದರೆ ಅದಾದ ಮೇಲೆ ಬಂದ ಇನ್ನೊಂದು. ಒಬ್ಬಳೇ ಯಜಮಾನಿಕೆ ಹಿಡಿದರೆ, ಅಂದರೆ ಯಾವುದಾದರೂ ಒಂದನ್ನೇ ಪೂರ್ತಿ ಡೋಸು ಕೊಟ್ಟರೆ, ಇಲಿಗಳ ಫಿಟ್ಸ್ ಅಷ್ಟಿಷ್ಟು ನಿಲ್ಲುತ್ತದೆ, ಆದರೆ ಇಲಿಗಳು ಕುಡಿದವರ ಹಾಗೆ ತೂರಾಡುತ್ತವೆ. ಇಬ್ಬರನ್ನೂ ಅರ್ಧರ್ಧ ಪಾಲಿನಲ್ಲಿ ಒಟ್ಟಿಗೆ ಒಳಗೆ ಬಿಟ್ಟರೆ ಫಿಟ್ಸ್ ಎಷ್ಟೋ ಚೆನ್ನಾಗಿ ನಿಲ್ಲುತ್ತದೆ, ತೂರಾಟವೂ ಇಲ್ಲ. ಅರ್ಧಕ್ಕೆ ಅರ್ಧ ಕೂಡಿದರೆ ಒಂದಾಗಬೇಕು; ನಮ್ಮಲ್ಲಿ ಒಂದಕ್ಕಿಂತ ಹೆಚ್ಚಾಗುತ್ತಿದೆ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂಬ ಗಾದೆ ಈ ಪಂಜರದಲ್ಲಿ ನಡೆಯುವುದಿಲ್ಲ.

ಅದು ಗೊತ್ತಾಗುವುದು ಹೇಗೆ ಎನ್ನುತ್ತೀಯ. ಮದ್ದು ಕೊಟ್ಟ ಇಲಿಗೆ ಚೂರು ಕರೆಂಟು ಕೊಡುತ್ತೇವೆ. ಹಿಂಗಾಲು ಸೆಟೆದು ನೆಟ್ಟಗಾದರೆ ಮದ್ದು ಸೋತಿತು, ಸೆಟೆಯದಿದ್ದರೆ ಗೆದ್ದಿತು. ಅದಕ್ಕೆ ಮುಂಚೆ ಅದೇ ಇಲಿಯನ್ನು ತಿರುಗುವ ಕೋಲಿನ ಮೇಲೆ ಬಿಡುತ್ತೇವೆ. ಒಂದು ನಿಮಿಷ ಬೀಳದೆ ಕೋಲಿನ ಜೊತೆ ನಡೆದರೆ ಮದ್ದಿನಿಂದ ತೊಂದರೆ ಇಲ್ಲ ಎಂದು ಅರ್ಥ. ನಿನ್ನಂಥ ತರಲೆಗಳೂ ಕೆಲವು ಇರುತ್ತವೆ. ಬೀಳುವುದಿಲ್ಲ, ಬೇಜಾರಾಗಿ ತಾವಾಗಿಯೇ ಜಿಗಿದು ಮೇಜಿನ ಮೇಲೆ ಸುತ್ತಾಡಲು ಹೊರಡುತ್ತವೆ. ಅವನ್ನು ಹಿಡಿದು ತಂದು ಮತ್ತೆ ಕೋಲಿನ ಮೇಲೆ ಬಿಡುತ್ತೇವೆ. ಬಿದ್ದದ್ದು ಲೆಕ್ಕ, ಜಿಗಿದದ್ದು ಲೆಕ್ಕಕ್ಕಿಲ್ಲ. ನಮ್ಮ ಲ್ಯಾಬಿನಲ್ಲಿ ಮೊದಲಿನಿಂದ ನಡೆದುಬಂದ ಕ್ರಮ ಇದು.

ನಿನ್ನಲ್ಲಿ ಆಸೆ ಹುಟ್ಟಿಸಲು ಇದನ್ನು ಬರೆದದ್ದಲ್ಲ. ಇಲಿ ಇಲಿಯೇ, ನೀನು ನೀನೇ. ಸದ್ಯಕ್ಕೆ ಕುರ್ಚಿಗಳನ್ನು ನಗಿಸುತ್ತಿರು.

ಮಹಾಮಾತೆ ಅಲ್ಲ, ಬರೀ ಮಲತಾಯಿಯಾದ
ಅಕ್ಕ

ಏಪ್ರಿಲ್ 3

ಮಲತಾಯಿಗೆ ಶಿರಸಾಷ್ಟಾಂಗ (ಶಿರಕ್ಕೆ ಹೊಲಿಗೆ ಬಿದ್ದಿರುವುದರಿಂದ ಅದೊಂದನ್ನು ಬಿಟ್ಟು),

ಈ ಸಲ ಗೋಡೌನಿನಲ್ಲಿ ಬಿದ್ದೆ, ಒಂದರ ಮೇಲೊಂದು ಪೇರಿಸಿದ್ದ ಊಟದ ಕುರ್ಚಿಗಳ ನಡುವೆ. ಕುರ್ಚಿಗಾಗಿ ಬಡಿದಾಡುವವರನ್ನು ಬೇಕಾದಷ್ಟು ನೋಡಿದ್ದೇನೆ, ಕುರ್ಚಿಗಳ ಜೊತೆಗೇ ಬಡಿದಾಡಿದವನು ನಾನೊಬ್ಬನೇ ಇರಬೇಕು. ಹುಬ್ಬಿನ ಮೇಲೆ ಹೊಲಿಗೆ ಬಿತ್ತು. ಮನೆಯಲ್ಲಿ ಇವಳು ಬಚ್ಚಲಿನ ಚಿಲಕ ಹಾಕಲು ಬಿಡುವುದಿಲ್ಲ. ಒಳಗೆ ನಾನು ಹಾಡುತ್ತಲೇ ಸ್ನಾನ ಮಾಡಬೇಕು. ಹಾಡು ನಿಂತರೆ ಅವಳು ಬಾಗಿಲು ದೂಡುತ್ತಾಳೆ. ಈ ಹಾಡು ಕೇಳುವುದಕ್ಕಿಂತ ಮೂರ್ಛೆಯೇ ವಾಸಿ ಎಂದು ಅವಳಿಗೂ ಅನ್ನಿಸಿರಬಹುದು, ಪಾಪ, ಬಾಯಿಬಿಟ್ಟು ಹೇಳಿಲ್ಲ.

ಡಾಕ್ಟರಿಗೆ ನಿನ್ನ ಅತ್ತೆ ಸೊಸೆಯರ ಕಥೆ ಹೇಳಿದೆ. ಅವರು ನಗಲಿಲ್ಲ, ಕನ್ನಡಕ ತೆಗೆದು ಒರೆಸಿಕೊಂಡರು. ಎರಡೂ ಅಂಗಡಿಯಲ್ಲಿ ಸಿಗುವ ಮಾತ್ರೆಗಳೇ, ಬೇರೆಬೇರೆಯಾಗಿ ಎಷ್ಟೋ ಜನ ತೆಗೆದುಕೊಳ್ಳುತ್ತಾರೆ, ಒಂದು ಮಾತ್ರೆಗೆ ಬಗ್ಗದವರಿಗೆ ಎರಡು ಸೇರಿಸುವುದೂ ಉಂಟು, ಆದರೆ ಈ ಜೋಡಿಯನ್ನು ನಾನು ಕೊಟ್ಟು ನೋಡಿಲ್ಲ, ನಿಮ್ಮಕ್ಕನ ಲೇಖನ ಇದ್ದರೆ ಓದಿ ಯೋಚಿಸುತ್ತೇನೆ ಎಂದರು.

ತಮಾಷೆ ಸಾಕು, ಅಕ್ಕ. ಕಟ್ಟೆಯ ಮೇಲೆ ಈಗ ಮಾಲೀಕರ ಅಳಿಯ ನಿಲ್ಲುತ್ತಾನೆ. ಗೋಡೆಯ ಆಚೆಯಿಂದ ಅವನ ಕೂಗು ಕೇಳಿಸುತ್ತದೆ. ಸತ್ತವರ ಸಾಮಾನನ್ನು ಸತ್ತವನ ಹಾಗೆ ಕೂಗುತ್ತಾನೆ. ಒಂದು ಆರಾಮಕುರ್ಚಿ ಬಂದರೆ ಅದರಲ್ಲಿ ಕೂತು ಹೋದವರ ಬಗ್ಗೆ ಒಂದು ಮಾತಿಲ್ಲ, ಬರೀ “ಕುರ್ಚಿ, ಒಂದು”. ಅಂಟಿನ ಡಬ್ಬಿ ಹಿಡಿದು ಅದನ್ನು ಕೇಳುತ್ತ ಚೀಟಿಗಳನ್ನೆಲ್ಲ ತಲೆಕೆಳಗಾಗಿ ಅಂಟಿಸುತ್ತೇನೆ. ಆ ಲೇಖನ ಕಳಿಸು.

ಬಾಯಿಬಡುಕ

ಏಪ್ರಿಲ್ 15

ಹರಕುಹುಬ್ಬಿನವನೇ,

ಲೇಖನ ಇದರ ಜೊತೆಗಿದೆ. ಡಾಕ್ಟರಿಗೆ ಕೊಡು, ನೀನು ಓದಬೇಡ; ಓದಿದರೆ ಅಂಚಿನಲ್ಲಿ ಏನಾದರೂ ಗೀಚಿ ನನ್ನ ಮರ್ಯಾದೆ ಕಳೆಯುತ್ತೀಯ.

ಕಳಿಸಲೋ ಬೇಡವೋ ಎಂದು ನಮ್ಮ ಮುಖ್ಯಸ್ಥರನ್ನು ಕೇಳಿದೆ. “ಕೊಡಮ್ಮ, ಇಷ್ಟೆಲ್ಲ ಮಾಡೋದು ಇಲಿಗಳ ಉದ್ಧಾರಕ್ಕಾ?” ಎಂದರು. ಅವರಿಗೆ ಸಂತೋಷವೇ ಆದಂತಿತ್ತು. ಅಳತೆಯನ್ನು ಡಾಕ್ಟರೇ ತೀರ್ಮಾನ ಮಾಡಬೇಕು, ನಾನಲ್ಲ. ಇಲಿಯ ತೂಕಕ್ಕೂ ನಿನ್ನ ತೂಕಕ್ಕೂ ಇರುವ ಅಂತರ ನಿನ್ನ ಹೊಟ್ಟೆ ನೋಡಿದವರಿಗೆಲ್ಲ ಗೊತ್ತು. ನಡಿಗೆ ತೂರಾಡಿದರೆ, ಒಂದು ಎರಡಾಗಿ ಕಂಡರೆ, ಮೈಮೇಲೆ ದದ್ದು ಎದ್ದರೆ ಅದೇ ದಿನ ಅವರಿಗೆ ಹೇಳು. ಇನ್ನೇನನ್ನು ಗಮನಿಸಬೇಕೋ ನನಗೂ ತಿಳಿಯದು.

ಅಕ್ಕ

ಜೂನ್ 2

ಅಕ್ಕ ಎಂಬ ಗುರುವಿಗೆ ಹೊಸ ಗುರುವೊಬ್ಬನ ನಮಸ್ಕಾರ,

ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಮಾತ್ರೆ ಎಂದು ಛಂದಸ್ಸಿನ ಪಾಠದಲ್ಲಿ ಉರು ಹೊಡೆದಿದ್ದೆವಲ್ಲ. ಇಷ್ಟು ವರ್ಷ ಒಂದೇ ಮಾತ್ರೆಯ ಲಘುವಾಗಿದ್ದ ನಿನ್ನ ತಮ್ಮ ಈಗ ಎರಡು ಮಾತ್ರೆಯ ಗುರು. ಅಳಿಯನ ಮುಂದೆ ಇದನ್ನು ಹೇಳಿದೆ. ಅವನು, ಎರಡೂ ಊಟದ ಮೇಲಾ ಮುಂಚೆಯಾ ಎಂದು ಕೇಳಿದ.

ಮೇ ತಿಂಗಳಲ್ಲಿ ಬೀಳಲಿಲ್ಲ, ಅಕ್ಕ. ಇಡೀ ತಿಂಗಳು. ಇವಳು ಕ್ಯಾಲೆಂಡರಿನ ಹಾಳೆ ಹರಿಯಲು ಬಿಡದೆ ಗೋಡೆಯ ಮೇಲೆ ಹಾಗೇ ಇಟ್ಟಿದ್ದಾಳೆ. ನಮ್ಮ ಮನೆಯಲ್ಲಿ ಇನ್ನೂ ಮೇ. ಮುಂದಿನ ವಾರದಿಂದ ಕಟ್ಟೆ ಹತ್ತು ಎಂದು ಮಾಲೀಕರು ಹೇಳಿದರು. ಸುತ್ತಿಗೆ ಕೈಗೆ ಕೊಡುವಾಗ ಅಳಿಯನ ಮುಖ ನೋಡಬೇಕಿತ್ತು ನೀನು. ಹೆಣ್ಣು ಕೊಟ್ಟ ಮಾವ ಹೆಣ್ಣನ್ನು ವಾಪಸು ಕೇಳಿದ ಹಾಗಿತ್ತು.

ನಿದ್ದೆ ಸ್ವಲ್ಪ ಜಾಸ್ತಿ. ಮಾತು ನಾಲಗೆಯ ತುದಿಗೆ ಬಂದು ಅಲ್ಲೇ ಕೂತುಬಿಡುತ್ತದೆ, ಎಬ್ಬಿಸಿ ಕಳಿಸಬೇಕು. ಮೊದಲು ನನಗಿಂತ ಮುಂಚೆ ಅದೇ ಎದ್ದು ಓಡುತ್ತಿತ್ತು. ಹೊಸ ಸೊಸೆ ಅಲ್ಲವೇ, ಮನೆಗೆ ಹೊಂದಿಕೊಳ್ಳುವ ತನಕ ಹೀಗೇ.

ಗುರುಗಳಾದ
ಬಾಯಿಬಡುಕರು

ಜೂನ್ 14

ಗುರುಗಳ ಸನ್ನಿಧಾನಕ್ಕೆ,

ಕಾಗದವನ್ನು ಲ್ಯಾಬಿನಲ್ಲೇ ಜೋರಾಗಿ ಓದಿದೆ. ಮುಖ್ಯಸ್ಥರು ಎದ್ದು ಬಂದು ಕೈ ಕುಲುಕಿದರು. ನನ್ನ ಇಷ್ಟು ವರ್ಷದ ಕೆಲಸದಲ್ಲಿ ಚೆನ್ನಾಗಿದ್ದೇನೆ ಎಂದು ಕಾಗದ ಬರೆದ ಮೊದಲ ಪ್ರಾಣಿ ನೀನು. ಕಟ್ಟೆ ಹತ್ತಿದ ದಿನ ಮೊದಲು ಕೂಗಿದ್ದು ಯಾವ ಸಾಮಾನು, ಅದರ ಬಗ್ಗೆ ಏನು ಸುಳ್ಳು ಹೇಳಿದೆ, ಎಷ್ಟು ಜನ ನಕ್ಕರು, ಎಲ್ಲ ವಿವರವಾಗಿ ಬರೆ. ಕಾಯುತ್ತಿರುತ್ತೇನೆ.

ಹೆಮ್ಮೆಯ ಮಲತಾಯಿ

ಆಗಸ್ಟ್ 8

ಅಕ್ಕನಿಗೆ,

ಕ್ಷೇಮ. ನಿನ್ನ ಕಾಗದಗಳು ಬಂದವು. ಉತ್ತರ ಬರೆಯಲು ತಡವಾಯಿತು. ಜೂನಿನಿಂದ ಕಟ್ಟೆಯ ಮೇಲಿದ್ದೇನೆ. ಬಿದ್ದಿಲ್ಲ. ನಂಬರು ಹೇಳುತ್ತೇನೆ, ಸಾಮಾನಿನ ಹೆಸರು ಹೇಳುತ್ತೇನೆ, ಬೆಲೆ ಹೇಳುತ್ತೇನೆ. ಹರಾಜು ಬೇಗ ಮುಗಿಯುತ್ತದೆ. ಮೊದಲ ದಿನ ಕೂಗಿದ್ದು ಮೇಜು.

ತೂಕ ಸ್ವಲ್ಪ ಹೆಚ್ಚಾಗಿದೆ. ಮಾತ್ರೆ ತಪ್ಪಿಸುವುದಿಲ್ಲ. ನಿನ್ನಿಂದ ಉಪಕಾರವಾಯಿತು.

ತಮ್ಮ

ಆಗಸ್ಟ್ 20

ಬಾಯಿಬಡುಕನ ಬಾಯಿಗೆ ಬೀಗ ಹಾಕಿದವರು ಯಾರು?

ಕಾಗದ ಬಂತು. ಒಳಗೆ ಇನ್ನೇನಾದರೂ ಅಂಟಿಕೊಂಡಿದೆಯೇ ಎಂದು ಲಕೋಟೆ ಹರಿದು ನೋಡಿದೆ. ಉಪಕಾರವಾಯಿತು ಎಂದು ಬರೆದಿದ್ದೀಯ. ಹುಟ್ಟಿದಾಗಿನಿಂದ ನೀನು ನನಗೆ ಆ ಮಾತು ಹೇಳಿದವನಲ್ಲ. ಚಿಕ್ಕವನಿದ್ದಾಗ ಕೆರೆಯಿಂದ ಜುಟ್ಟು ಹಿಡಿದು ಎಳೆದುಹಾಕಿದೆನಲ್ಲ, ಆಗ ಕೂಡ ನೀರು ಕಕ್ಕುತ್ತ “ಮೀನು ಹಿಡೀತಿದ್ದೆ, ನೀನು ಬಂದು ಕೆಡಿಸಿದೆ” ಎಂದವನು ನೀನು.

ಮೇಜು ಎಂದರೆ ಎಂಥ ಮೇಜು? ಯಾರು ಅದರ ಮೇಲೆ ಉಂಡು, ಯಾರು ಅದರ ಕೆಳಗೆ ಅಡಗಿದ್ದರು? ಒಂದು ಬೈಗುಳ, ಒಂದು ಹೋಲಿಕೆ, ಅಳಿಯನ ಮೇಲೊಂದು ಚಾಡಿ, ಇಷ್ಟನ್ನಾದರೂ ಬರೆದು ಕಳಿಸು. ಇಲ್ಲದಿದ್ದರೆ ನನ್ನ ಮೇಲೆ ಸಿಟ್ಟಾಗಿದ್ದೀಯ ಎಂದುಕೊಳ್ಳುತ್ತೇನೆ. ಸಿಟ್ಟಾಗಿದ್ದರೂ ಸರಿ, ಸಿಟ್ಟಿನಿಂದ ಬರೆ.

ಅಕ್ಕ

ಸೆಪ್ಟೆಂಬರ್ 11

ಅಕ್ಕನವರಿಗೆ ನಮಸ್ಕಾರಗಳು,

ನಾನು ನಿಮಗೆ ಕಾಗದ ಬರೆದವಳಲ್ಲ, ನಮ್ಮ ಮನೆಯಿಂದ ಬರೆಯುವವರು ಇವರೇ ಆಗಿದ್ದರು. ತಪ್ಪಿದ್ದರೆ ಮನ್ನಿಸಿ.

ನಿಮ್ಮ ಕಾಗದ ಮುಂದಿಟ್ಟುಕೊಂಡು ಇವರು ಒಂದು ಭಾನುವಾರ ಪೂರ್ತಿ ಕೂತಿದ್ದರು. “ಅಕ್ಕ ಹೋಲಿಕೆ ಬರಿ ಅಂದಿದ್ದಾಳೆ, ಯಾವುದನ್ನ ಯಾವುದಕ್ಕೆ?” ಅಂತ ನನ್ನನ್ನೇ ಕೇಳಿದರು. ನನಗೇನು ತಿಳಿಯುತ್ತದೆ. ಸಂಜೆಗೆ ಕಾಗದ ಮಡಿಸಿಟ್ಟು ಊಟಕ್ಕೆ ಎದ್ದರು. ನಿಮ್ಮ ಮೇಲೆ ಸಿಟ್ಟಿಲ್ಲ. ಯಾರ ಮೇಲೂ ಇಲ್ಲ.

ಇವರು ಕಟ್ಟೆ ಬಿಟ್ಟಿದ್ದಾರೆ. ಅದನ್ನು ಬರೆದಿರಲಿಕ್ಕಿಲ್ಲ. ಹರಾಜಿಗೆ ಜನ ಕಡಿಮೆಯಾದರು ಅಂತ ಮಾಲೀಕರು ಗೊಣಗಿದ್ದು ನಿಜ, ಆದರೆ ಇಳಿ ಅಂತ ಅವರು ಅನ್ನಲಿಲ್ಲ. ಇವರೇ ಹೋಗಿ, ಗೋಡೌನಿನಲ್ಲೇ ಇರುತ್ತೇನೆ, ಅಲ್ಲಿ ಗಲಾಟೆ ಇಲ್ಲ ಅಂದರಂತೆ. ಮಾಲೀಕರು ಮನೆಗೆ ಬಂದು ನನ್ನ ಹತ್ತಿರ ಹೇಳಿ ಕಣ್ಣು ಒರೆಸಿಕೊಂಡರು. ಇವರು ಒಳಗೆ ಮಲಗಿದ್ದರು.

ನಿಮಗೆ ಇದು ಹಿಡಿಸುವುದಿಲ್ಲ ಅಂತ ಗೊತ್ತು. ಆದರೂ ಒಂದು ಮಾತು. ಮದುವೆಯಾದಾಗಿನಿಂದ ಇವರು ಊರನ್ನೆಲ್ಲ ನಗಿಸಿ ಬಂದು ನನ್ನ ಮುಂದೆ ಬೀಳುತ್ತಿದ್ದರು. ನಗು ಊರಿಗೆ, ನೊರೆ ಒರೆಸುವುದು ನನಗೆ. ಈಗ ಚಿಲಕ ಹಾಕಿಕೊಂಡು ಸ್ನಾನ ಮಾಡುತ್ತಾರೆ. ನಾನು ಎರಡೂ ಕಣ್ಣು ಮುಚ್ಚಿ ನಿದ್ದೆ ಮಾಡುತ್ತೇನೆ. ಅಪ್ಪ ಯಾಕೆ ಕಥೆ ಹೇಳಲ್ಲ ಅಂತ ಮಗಳು ಕೇಳುತ್ತಿದ್ದಳು, ಈಗ ಕೇಳುವುದನ್ನು ಬಿಟ್ಟಿದ್ದಾಳೆ. ಮಕ್ಕಳು ಬೇಗ ಹೊಂದಿಕೊಳ್ಳುತ್ತವೆ.

ನಿಮಗೆ ನಿಮ್ಮ ತಮ್ಮ ಬೇಕು. ನನಗೆ ಗಂಡ ಬದುಕಿದ್ದರೆ ಸಾಕು. ದಯವಿಟ್ಟು ಏನನ್ನೂ ಕೆದಕಬೇಡಿ.

ನಿಮ್ಮ ತಮ್ಮನ ಹೆಂಡತಿ

ಅಕ್ಟೋಬರ್ 17

ತಮ್ಮಾ,

ಬರೆಯಬಾರದು ಎಂದು ಇಷ್ಟು ದಿನ ಕೈ ಕಟ್ಟಿಕೊಂಡು ಕೂತಿದ್ದೆ. ಆಗಲಿಲ್ಲ. ನಿಧಾನವಾಗಿ ಓದು.

ಹೋದ ವಾರ ಎರಡು ಮದ್ದು ಕೊಟ್ಟ ಇಲಿಗಳನ್ನು ಕೋಲಿನ ಮೇಲೆ ಬಿಟ್ಟು ನಿಂತಿದ್ದೆ. ಪಂಜರ ನೋಡಿಕೊಳ್ಳುವಾತ ಪಕ್ಕದಲ್ಲಿದ್ದ. “ಈ ಗುಂಪು ಅಂದ್ರೆ ನಂಗೆ ಇಷ್ಟ ಮೇಡಂ, ಒಳ್ಳೆ ಮನೆತನದ ಮಕ್ಕಳ ಥರ ಇರ್ತವೆ” ಎಂದು ನಕ್ಕ. ನಾನೂ ನಗಲು ಹೊರಟೆ. ಆಗ ನಿನ್ನ ಆಗಸ್ಟಿನ ಕಾಗದ ನೆನಪಾಯಿತು. ನಗು ಅಲ್ಲಿಗೇ ನಿಂತಿತು.

ನಿಮಿಷ ಮುಗಿದರೂ ಕೋಲು ನಿಲ್ಲಿಸಲಿಲ್ಲ. ಮೇಲಿದ್ದ ಇಲಿ ನಡೆಯುತ್ತಲೇ ಇತ್ತು. ಕೆಳಗೆ ಮೇಜಿನ ಮೇಲೆ ನಾಲ್ಕು ಕಾಳು ಹಾಕಿದೆ. ಅದರ ಮೂಗು ಕೂಡ ಅತ್ತ ತಿರುಗಲಿಲ್ಲ. ಆಮೇಲೆ ಎಲ್ಲ ಗುಂಪುಗಳನ್ನೂ ಒಂದೊಂದಾಗಿ ಬಿಟ್ಟು, ಈ ಸಲ ಬಿದ್ದದ್ದನ್ನು ಬಿಟ್ಟು ಜಿಗಿದದ್ದನ್ನು ಎಣಿಸಿದೆ. ಮದ್ದಿಲ್ಲದ ಇಲಿಗಳಲ್ಲಿ ಅರ್ಧಕ್ಕೂ ಹೆಚ್ಚು ಜಿಗಿದವು. ಒಂದೇ ಮದ್ದಿನವು ತೂರಾಡುತ್ತಿದ್ದರೂ ಕೆಲವು ಜಿಗಿದವು, ಜಿಗಿದು ಮಗುಚಿಕೊಂಡವು, ಎದ್ದು ಕಾಳಿನ ಕಡೆ ಹೋದವು. ಎರಡು ಮದ್ದಿನ ಗುಂಪಿನಲ್ಲಿ ಒಂದೂ ಜಿಗಿಯಲಿಲ್ಲ. ಒಂದೂ ಬೀಳಲಿಲ್ಲ, ಒಂದೂ ಜಿಗಿಯಲಿಲ್ಲ.

ಜಿಗಿದದ್ದನ್ನು ನಾವು ಎಂದೂ ಎಣಿಸಿದವರಲ್ಲ; ಹಾಗಾಗಿ ಜಿಗಿಯದೆ ಇದ್ದದ್ದು ನಮ್ಮ ಕಣ್ಣಿಗೆ ಬೀಳಲೇ ಇಲ್ಲ. ಬೀಳದೆ ಇರುವುದೇ ಆರೋಗ್ಯ ಎಂದು ಅಚ್ಚು ಹಾಕಿಸಿದೆವು. ಅದನ್ನೇ ನಿನ್ನ ಡಾಕ್ಟರಿಗೆ ಕಳಿಸಿದೆ.

ಸೊಸೆಯ ಪಾಲನ್ನು ಸ್ವಲ್ಪ ಇಳಿಸಬಹುದೇ ಎಂದು ಅವರನ್ನು ಕೇಳು. ನೀನಾಗಿ ಮಾತ್ರೆ ಬಿಡಬೇಡ, ಒಮ್ಮೆಗೇ ಬಿಟ್ಟರೆ ಜೀವಕ್ಕೆ ಅಪಾಯ. ಇಳಿಸಿದರೆ ಮತ್ತೆ ಬೀಳಬಹುದು, ಅದನ್ನು ಮುಚ್ಚಿಡುವುದಿಲ್ಲ. ಆದರೆ ನೀನು ನನ್ನ ಹತ್ತಿರ ಕೇಳಿದ್ದು ಬೀಳದೆ ಇರುವುದನ್ನಲ್ಲ, ಕಟ್ಟೆಯನ್ನು. ಕಟ್ಟೆ ಏಕೆ ಬೇಕೆಂದು ಎರಡು ಕಾಗದದಲ್ಲಿ ನೀನೇ ಬರೆದಿದ್ದೆ. ಅವನ್ನು ಬೇಕಾದರೆ ಕಳಿಸಿಕೊಡುತ್ತೇನೆ, ಓದಿ ನೋಡು.

ಅಕ್ಕ

ನವೆಂಬರ್ 12

ಅಕ್ಕನಿಗೆ,

ಕ್ಷೇಮ. ಕಾಗದ ಎರಡು ಸಲ ಓದಿದೆ. ಡಾಕ್ಟರ ಹತ್ತಿರ ಹೋಗಿದ್ದೆವು. ನೀನು ಬರೆದದ್ದನ್ನು ಅವರಿಗೆ ತೋರಿಸಿದೆ. ಇಳಿಸಿ ನೋಡೋಣವೇ ಎಂದು ಅವರು ಕೇಳಿದರು. ಬೇಡ ಎಂದೆ. ಇವಳು ಹೇಳಿಕೊಟ್ಟದ್ದಲ್ಲ. ಇವಳು ಹೊರಗೆ ಕೂತಿದ್ದಳು.

ಕಟ್ಟೆ ಬೇಕು ಎಂದಿದ್ದು ನೆನಪಿದೆ. ಏಕೆ ಬೇಕಿತ್ತು ಎಂಬುದು ಸರಿಯಾಗಿ ನೆನಪಿಲ್ಲ. ಹಳೆಯ ಕಾಗದ ಕಳಿಸಬೇಡ. ಗೋಡೌನಿನಲ್ಲಿ ಕೆಲಸ ಚೆನ್ನಾಗಿದೆ.

ಇಲಿ ಕಾಳಿನ ಕಡೆ ತಿರುಗಲಿಲ್ಲ ಎಂದು ಬರೆದಿದ್ದೀಯ. ಅದಕ್ಕೆ ಹಸಿವಿರಲಿಲ್ಲವೇನೋ. ಜಿಗಿಯದ ಇಲಿಗೆ ಏನು ಕಷ್ಟ ಎಂದು ನೀನು ಬರೆದಿಲ್ಲ. ನನಗೆ ಕಷ್ಟವಿಲ್ಲ. ನೀನು ಬೇಸರ ಮಾಡಿಕೊಳ್ಳಬೇಡ.

ತಮ್ಮ

ಡಿಸೆಂಬರ್ 4

ತಮ್ಮನಿಗೆ,

ಕಾಗದ ಬಂತು. ಡಾಕ್ಟರು ಕೇಳಿದ್ದು, ನೀನು ಬೇಡ ಎಂದದ್ದು ತಿಳಿಯಿತು.

ಜಿಗಿತದ ಎಣಿಕೆಯನ್ನು ಮುಂದಿನ ಲೇಖನಕ್ಕೆ ಸೇರಿಸಿದ್ದೆ. ಮುಖ್ಯಸ್ಥರು ಓದಿದರು. “ಜಿಗೀದೆ ಇರೋದು ತೊಂದರೆ ಅಂತ ಹೇಗಮ್ಮ ಹೇಳ್ತೀಯ, ನಿನ್ನ ತಮ್ಮನೇ ಚೆನ್ನಾಗಿದ್ದಾನಲ್ಲ” ಎಂದರು. ನಿನ್ನ ಕಾಗದ ನನ್ನ ಚೀಲದಲ್ಲಿತ್ತು. ಅದರಲ್ಲೂ ಅದನ್ನೇ ಬರೆದಿದ್ದೀಯ. ನಿನಗೇ ಕಷ್ಟವಿಲ್ಲ ಎಂದ ಮೇಲೆ ಇಲಿಗಳ ಪರವಾಗಿ ನಾನು ಯಾರೊಡನೆ ಜಗಳವಾಡಲಿ. ಆ ಪುಟ ತೆಗೆದೆ.

ಹೊಸ ವರ್ಷದಿಂದ ಇದೇ ಜೋಡಿಯನ್ನು ಫಿಟ್ಸ್ ಇರುವ ನಾಯಿಗಳಿಗೆ ಕೊಟ್ಟು ನೋಡುತ್ತೇವೆ. ನಾಯಿಗಳಿಗೆ ಕೋಲಿನ ಪರೀಕ್ಷೆ ಇಲ್ಲ. ಬೀಳದೆ ನಡೆದರೆ ಸಾಕು.

ಮಾತ್ರೆಗಳನ್ನು ಹೊತ್ತಿಗೆ ಸರಿಯಾಗಿ ತೆಗೆದುಕೋ. ಇನ್ನು ಮೇಲೆ ಇಷ್ಟುದ್ದವೇ ಬರೆಯುತ್ತೇನೆ. ಓದಲು ನಿನಗೆ ಸುಲಭ, ಬರೆಯಲು ನನಗೂ.

ಅಕ್ಕ